ನೀರಿನ ಜಾಡು ಹಿಡಿದು: ಧೋಲಾವೀರಾದಿಂದ ಅಹಮದಾಬಾದಿಗೆ

ಖಾವಡಾ ದಾಟಿದ ಮೇಲೆ ರಸ್ತೆ ಕಚ್ಛದ ದೊಡ್ಡ ರಣವನ್ನು ಸೀಳಿಕೊಂಡು ನೇರವಾಗಿ ಸಾಗುತ್ತದೆ. ಎರಡೂ ಬದಿಗೆ ಕಣ್ಣು ಹಾಯುವವರೆಗೂ ಬಿಳಿಯ ಉಪ್ಪು, ಅದರಾಚೆ ನೆಲವೋ ಆಕಾಶವೋ ತಿಳಿಯದಂತೆ ಮಬ್ಬಾದ ಅಂಚು. ಜನವರಿಯ ಆ ಬೆಳಗ್ಗೆ ಸಿಂಧೂ ಕಣಿವೆ ನಾಗರಿಕತೆಯ ಪ್ರಾಚೀನ ನಗರ ಧೋಲಾವೀರಾ ಇರುವ ಖಡೀರ್ ದ್ವೀಪದತ್ತ ಹೊರಟಾಗ ನನ್ನ ತಲೆಯಲ್ಲಿದ್ದ ಪ್ರಶ್ನೆ ಒಂದೇ: ಇಂಥ ಜಾಗದಲ್ಲಿ ಜನ ನಗರವನ್ನೇಕೆ ಕಟ್ಟಿದರು?

ಪುರಾತತ್ತ್ವಜ್ಞ ಗಾರ್ಡನ್ ಚೈಲ್ಡ್ 1950ರಲ್ಲಿ ‘ನಗರ ಕ್ರಾಂತಿ’ಯ ಲಕ್ಷಣಗಳನ್ನು ವಿವರಿಸಿದಾಗ, ತಾವು ಉಣ್ಣುವುದನ್ನು ತಾವೇ ಬೆಳೆಯದ ಕುಶಲಕರ್ಮಿಗಳು, ವ್ಯಾಪಾರಿಗಳು ಮತ್ತು ಅಧಿಕಾರಿಗಳನ್ನು ರೈತರ ಹೆಚ್ಚುವರಿ ಧಾನ್ಯ ಸಾಕುವುದೇ ನಗರದ ಬುಡ ಎಂದು ಹೇಳಿದ್ದ. ಮೆಸೊಪೊಟೇಮಿಯಾದ ನದಿಬಯಲಿನ ಪ್ರಾಚೀನ ನಗರ ಊರುಕ್‌ಗೆ ಈ ಮಾತು ಸಲೀಸಾಗಿ ಒಪ್ಪುತ್ತದೆ. ಧೋಲಾವೀರಾದಲ್ಲಿ ಮಾತ್ರ ಧಾನ್ಯಕ್ಕಿಂತ ಮೊದಲು ನೀರಿನ ಮಾತೆತ್ತಬೇಕಾಗುತ್ತದೆ. ಜಗತ್ಪತಿ ಜೋಶಿಯವರು 1960ರ ದಶಕದಲ್ಲಿ ಗುರುತಿಸಿದ, 1990ರಿಂದ ಆರ್. ಎಸ್. ಬಿಷ್ತ್ ಅವರ ನೇತೃತ್ವದಲ್ಲಿ ಅಗೆದು ತೆಗೆದ ಈ ನಗರ ಮನ್ಸರ್ ಮತ್ತು ಮನ್ಹರ್ ಎಂಬ ಎರಡು ಮಳೆಗಾಲದ ಹಳ್ಳಗಳ ನಡುವೆ ಇದೆ. ಹಳ್ಳಗಳಿಗೆ ಅಡ್ಡಗಟ್ಟೆ ಹಾಕಿ, ವರ್ಷದಲ್ಲಿ ಕೆಲವೇ ದಿನ ಹರಿಯುವ ನೀರನ್ನು ಕೋಟೆಯೊಳಗಿನ ಸಾಲು ಜಲಾಶಯಗಳಿಗೆ ತಿರುಗಿಸಲಾಗಿತ್ತು. ಪೂರ್ವದ ಜಲಾಶಯ ಸುಮಾರು 73 ಮೀಟರ್ ಉದ್ದ, 29 ಮೀಟರ್ ಅಗಲವಿದ್ದು, ಅದರ ಮೂಲೆಯ ಮೆಟ್ಟಿಲುಗಳು ಇಂದಿಗೂ ತಳದವರೆಗೆ ಇಳಿಯುತ್ತವೆ. ಆ ದಂಡೆಯ ಮೇಲೆ ನಾನು ನಿಂತಾಗ ಮಧ್ಯಾಹ್ನವಾಗಿತ್ತು, ತಂದಿದ್ದ ಬಾಟಲಿಯೂ ಖಾಲಿಯಾಗಿತ್ತು. ಜಲಾಶಯಗಳಿಗೆ ಅಷ್ಟು ನೆಲ ಬಿಟ್ಟುಕೊಟ್ಟದ್ದರ ಅರ್ಥ ನಕ್ಷೆಯಲ್ಲಿ ನೋಡಿದ್ದಕ್ಕಿಂತ ಆಗ ಚೆನ್ನಾಗಿ ತಿಳಿಯಿತು.

ಎತ್ತರದ ಕೋಟೆ, ನಡುವಿನ ಪಟ್ಟಣ, ಕೆಳಗಿನ ಪಟ್ಟಣ ಎಂಬ ಮೂರು ಭಾಗಗಳು ಕಲ್ಲಿನ ಗೋಡೆಗಳಿಂದ ಬೇರ್ಪಟ್ಟಿವೆ. ಉತ್ತರದ ಬಾಗಿಲಿನ ಬಳಿ ಹತ್ತು ದೊಡ್ಡ ಅಕ್ಷರಗಳ ಫಲಕವೊಂದು ಸಿಕ್ಕಿತ್ತು. ಅದನ್ನು ಇಂದಿಗೂ ಯಾರೂ ಓದಿಲ್ಲ. ಅದು ಏನೇ ಹೇಳುತ್ತಿರಲಿ, ಅಪರಿಚಿತರು ಬಂದು ಹೋಗುವ ಊರಿಗಷ್ಟೇ ಅಂಥ ಫಲಕ ಬೇಕಾದೀತೆಂದು ನನಗನಿಸಿತು. ಮಣಿ ಮತ್ತು ತಾಮ್ರದ ಕಸುಬಿನ ಕುರುಹುಗಳು ಆ ಊಹೆಗೆ ಬಲ ಕೊಡುತ್ತವೆ. ಆಗ ರಣದಲ್ಲಿ ನೀರು ನಿಂತು ದೋಣಿಗಳು ಓಡಾಡುತ್ತಿದ್ದವೆಂದು ಹಲವು ವಿದ್ವಾಂಸರು ಭಾವಿಸುತ್ತಾರೆ. ಅದು ನಿಜವಾದರೆ ನಾನು ಬೆಳಗ್ಗೆ ಕಂಡ ಉಪ್ಪಿನ ಬಯಲೇ ಈ ನಗರದ ಹೆದ್ದಾರಿ.

ಮರುದಿನವೆಲ್ಲ ಪ್ರಯಾಣದಲ್ಲೇ ಕಳೆಯಿತು. ಅದರ ಮಾರನೆಯ ಬೆಳಗ್ಗೆ ಲೋಥಲ್ ತಲುಪಿದೆ. ಕನ್ನಡಿಗರೇ ಆದ ಎಸ್. ಆರ್. ರಾವ್ ಅವರು 1954ರಲ್ಲಿ ಪತ್ತೆ ಹಚ್ಚಿದ, ಅದೇ ಸಿಂಧೂ ನಾಗರಿಕತೆಯ ನೆಲೆ ಇದು. ಸುಮಾರು 215 ಮೀಟರ್ ಉದ್ದದ ಇಟ್ಟಿಗೆಯ ಕಟ್ಟೆಯನ್ನು ಅವರು ಹಡಗುಕಟ್ಟೆ ಎಂದರು. ಅದು ಕೆರೆ ಎಂದು ವಾದಿಸಿದವರೂ ಇದ್ದಾರೆ. ಆ ವಾದಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಪಕ್ಕದ ಉಗ್ರಾಣ. ಅಲ್ಲಿಗೆ ಬೆಂಕಿ ಬಿದ್ದಾಗ ಸರಕಿನ ಗಂಟುಗಳ ಮೇಲಿದ್ದ ಮಣ್ಣಿನ ಮುದ್ರೆಗಳು ಸುಟ್ಟು ಗಟ್ಟಿಯಾದವು. ಅವುಗಳ ಬೆನ್ನ ಮೇಲೆ ಬಟ್ಟೆಯ ನೇಯ್ಗೆ, ಚಾಪೆ, ಹಗ್ಗಗಳ ಗುರುತು ಇಂದಿಗೂ ಇದೆ. ಸರಕು ಬಂದು ಇಳಿದು, ಎಣಿಕೆಯಾಗಿ, ಮುದ್ರೆ ಬಿದ್ದು ಮುಂದೆ ಹೋಗುತ್ತಿತ್ತು. ನಗರದ ಕಾರ್ಯ ಎಂದು ನಾವು ತರಗತಿಯಲ್ಲಿ ಬರೆದುಕೊಂಡದ್ದಕ್ಕೆ ಇದಕ್ಕಿಂತ ಹಳೆಯ ದಾಖಲೆಯನ್ನು ನಾನು ಕಣ್ಣಾರೆ ಕಂಡಿಲ್ಲ.

ಸಂಜೆಗೆ ಅಹಮದಾಬಾದು ಸೇರಿದೆ. 1411ರಲ್ಲಿ ಸುಲ್ತಾನ ಅಹಮದ್ ಶಾಹ ಸಾಬರಮತಿಯ ಪೂರ್ವ ದಂಡೆಯಲ್ಲಿ ಸ್ಥಾಪಿಸಿದ ಈ ನಗರದ ಹಳೆಯ ಭಾಗದಲ್ಲಿ, ಒಂದೇ ಬಾಗಿಲಿನ ಕಿರು ಓಣಿಗಳಾದ ‘ಪೋಳ್’ಗಳಲ್ಲಿ, ಒಂದೇ ಸಮುದಾಯದ ಅಥವಾ ಒಂದೇ ಕಸುಬಿನ ಮನೆಗಳು ಒತ್ತಾಗಿ ಕೂಡಿಕೊಂಡಿವೆ. ಮಾಣೆಕ್ ಚೌಕದ ನೆಲವಂತೂ ಹಗಲು ಚಿನ್ನಬೆಳ್ಳಿಯ ಪೇಟೆ, ರಾತ್ರಿ ತಿಂಡಿಯ ಪೇಟೆ. ಒಂದು ಜಾಗಕ್ಕೆ ಒಂದೇ ಬಳಕೆಯ ಬಣ್ಣ ಬಳಿಯುವ ನಕಾಶೆಗಳು ಇಲ್ಲಿ ಸೋಲುತ್ತವೆ.

ರಣಛೋಡಲಾಲ್ ಛೋಟಾಲಾಲ್ 1861ರಲ್ಲಿ ಮೊದಲ ಬಟ್ಟೆ ಗಿರಣಿ ಆರಂಭಿಸಿದ ನಂತರ ನಗರ ಗೋಡೆಯಿಂದಾಚೆ ಪೂರ್ವಕ್ಕೆ ಹಬ್ಬಿತು. ಗಿರಣಿಗಳ ಸುತ್ತ ಕಾರ್ಮಿಕರ ಸಾಲುಮನೆಗಳಾದ ‘ಚಾಲಿ’ಗಳು ಎದ್ದವು. 1892ರಲ್ಲಿ ಎಲ್ಲಿಸ್ ಸೇತುವೆ ತೆರೆದ ಮೇಲೆ ಪಶ್ಚಿಮ ದಂಡೆಯಲ್ಲಿ ಬಂಗಲೆಗಳೂ ಕಾಲೇಜುಗಳೂ ಬೆಳೆದವು. ನಗರ ನಡುವಿನಿಂದ ಉಂಗುರ ಉಂಗುರವಾಗಿ ಹಿಗ್ಗುತ್ತದೆಂದು ಷಿಕಾಗೋ ನಗರವನ್ನು ನೋಡಿ ಸಮಾಜಶಾಸ್ತ್ರಜ್ಞ ಬರ್ಜೆಸ್ 1925ರಲ್ಲಿ ಮಂಡಿಸಿದ ಮಾದರಿಯನ್ನು ಇಲ್ಲಿ ಹುಡುಕಿದರೆ, ನದಿ ಆ ಉಂಗುರಗಳನ್ನು ಎರಡಾಗಿ ಕತ್ತರಿಸಿ ದುಡಿಯುವವರನ್ನು ಒಂದು ದಂಡೆಗೂ ಉಳ್ಳವರನ್ನು ಇನ್ನೊಂದಕ್ಕೂ ಬಹುಮಟ್ಟಿಗೆ ಹಂಚಿದ್ದು ಕಾಣುತ್ತದೆ. 1980ರ ದಶಕದಿಂದ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಆದರೂ ಊರು ಕುಗ್ಗಲಿಲ್ಲ. 2011ರ ಜನಗಣತಿಯ ಹೊತ್ತಿಗೆ ನಗರದ ಜನಸಂಖ್ಯೆ 55 ಲಕ್ಷ ದಾಟಿತ್ತು.

ಹೊರಡುವ ಹಿಂದಿನ ಸಂಜೆ ಎಲ್ಲಿಸ್ ಸೇತುವೆಯ ಪಕ್ಕದ ಹೊಸ ಸೇತುವೆಯ ಮೇಲೆ ನಿಂತೆ. ಚಳಿಗಾಲದಲ್ಲೂ ನದಿ ದಂಡೆಯಿಂದ ದಂಡೆಗೆ ತುಂಬಿತ್ತು. ಸಾಬರಮತಿ ಮಳೆಗಾಲದ ನದಿ. ವಾಸಣಾದ ಅಡ್ಡಗಟ್ಟೆ ತಡೆದು ನಿಲ್ಲಿಸಿರುವ ಆ ನೀರು ಕಾಲುವೆಯಲ್ಲಿ ನರ್ಮದೆಯಿಂದ ಬರುತ್ತದೆ. ಕೆಳಗಿನ ನಡಿಗೆಹಾದಿಯಲ್ಲಿ ಜನ ಅದಕ್ಕೆ ಬೆನ್ನು ಮಾಡಿ ಫೋಟೊ ತೆಗೆಸಿಕೊಳ್ಳುತ್ತಿದ್ದರು.