ಒಂದು ಮಾತ್ರೆಯನ್ನೂ ಒಡೆಯದೆ ವಾಪಸ್ ಬಂದ ಸ್ಟ್ರಿಪ್

ಏಳು ತಿಂಗಳ ಬಸುರಿ ಹೆಂಗಸೊಬ್ಬರು ನಮ್ಮ ಮೆಡಿಕಲ್ ಶಾಪಿಗೆ ಬಂದು ಪ್ಯಾರಾಸಿಟಮಾಲ್ ಸ್ಟ್ರಿಪ್ ವಾಪಸ್ ಕೊಟ್ಟರು. ಡಾಕ್ಟರೇ ಬರೆದಿದ್ದು. ಒಂದು ಮಾತ್ರೆಯನ್ನೂ ಒಡೆದಿರಲಿಲ್ಲ. ದುಡ್ಡು ಕೊಡುವಾಗ ಕೈ ತಾಗಿತು, ಕೆಂಡದ ಹಾಗೆ ಸುಡುತ್ತಿತ್ತು. ಎರಡು ದಿನದಿಂದ ಜ್ವರವಂತೆ.

"ಇದನ್ನ ತಗೊಂಡ್ರೆ ಮಗುಗೆ ಎಡಿಎಚ್‌ಡಿ ಬರುತ್ತಂತೆ ಅಣ್ಣ, ವಾಟ್ಸಾಪಲ್ಲಿ ಬಂದಿದೆ. ಬೇರೆ ಏನಾದ್ರೂ ಕೊಡಿ, ಕಾಂಬಿಫ್ಲಾಮ್ ಆದ್ರೂ ಪರವಾಗಿಲ್ಲ."

ಎಡಿಎಚ್‌ಡಿ ಅಂದರೆ ಮಕ್ಕಳಿಗೆ ಒಂದು ಕಡೆ ಗಮನ ಇಡೋಕೆ, ಸುಮ್ನೆ ಕೂರೋಕೆ ಕಷ್ಟವಾಗುವ ತೊಂದರೆ. ಕಾಂಬಿಫ್ಲಾಮ್ ನಾನು ಕೊಡಲಿಲ್ಲ. ಅದರಲ್ಲಿರುವ ಐಬುಪ್ರೊಫೇನ್ 20 ವಾರ ದಾಟಿದ ಮೇಲೆ ಹೊಟ್ಟೆಯಲ್ಲಿರುವ ಮಗುವಿನ ಕಿಡ್ನಿಗೆ ತೊಂದರೆ ಮಾಡಬಹುದು. ಆದರೆ ಪ್ಯಾರಾಸಿಟಮಾಲ್ ಬಗ್ಗೆ ನಾನು ಬಾಯಿ ಬಿಡಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಟ್ರಂಪ್ ಗರ್ಭಿಣಿಯರು ಟೈಲೆನಾಲ್ (ಅಮೆರಿಕದಲ್ಲಿ ಪ್ಯಾರಾಸಿಟಮಾಲ್ ಮಾರುವ ಒಂದು ಹೆಸರು) ತಗೋಬೇಡಿ ಅಂದಿದ್ದರಲ್ಲ, ಆ ಸುದ್ದಿಯ ತಲೆಬರಹ ನಾನೂ ಓದಿದ್ದೆ, ಏನೋ ಇರಬಹುದು ಅಂತ ಸುಮ್ನಾದೆ. ತಪ್ಪು ಮಾಡಿದೆ.

ಅವತ್ತು ರಾತ್ರಿ ಕೂತು ಓದಿದೆ. ಹೆಚ್ಚು ಓಡಾಡಿದ ಸಂಶೋಧನೆಗಳಲ್ಲಿ ಒಂದು ಅಮೆರಿಕದ ಬಾಸ್ಟನ್‌ನದು, 2019ರದು. ಹೆರಿಗೆ ವೇಳೆಯ ಹೊಕ್ಕುಳಬಳ್ಳಿಯ ರಕ್ತದಲ್ಲಿ ಈ ಔಷಧಿ ಎಷ್ಟಿದೆ ಅಂತ ಅಳೆದರು. ಜಾಸ್ತಿ ಇದ್ದ ಮಕ್ಕಳಲ್ಲಿ ಎಡಿಎಚ್‌ಡಿ ಜಾಸ್ತಿ ಕಂಡಿತು. ಆದರೆ ಪ್ಯಾರಾಸಿಟಮಾಲ್ ಎರಡು ಮೂರು ಗಂಟೆಯಲ್ಲಿ ರಕ್ತದಲ್ಲಿ ಅರ್ಧಕ್ಕೆ ಇಳಿಯುತ್ತದೆ. ಹಾಗಿದ್ದರೆ ಆ ರಕ್ತ ಹೇಳುವುದು ಹೆರಿಗೆ ನೋವಿನ ಹೊತ್ತಿನ ಕಥೆ ಮಾತ್ರ ಅಲ್ವಾ, ಒಂಬತ್ತು ತಿಂಗಳ ಲೆಕ್ಕ ಅದರಲ್ಲಿ ಎಲ್ಲಿ ಸಿಗಬೇಕು? ಸಾಲದ್ದಕ್ಕೆ ಎಲ್ಲ ಮಕ್ಕಳ ರಕ್ತದಲ್ಲೂ ಔಷಧಿ ಇತ್ತು, ಹೋಲಿಸೋಕೆ ಔಷಧಿ ಸೋಕದ ಮಗು ಒಂದೂ ಇರಲಿಲ್ಲ.

ಇನ್ನೊಂದು, ಸುಮ್ನೆ ಯಾರೂ ಮಾತ್ರೆ ನುಂಗಲ್ಲ. ಜ್ವರ, ಸೋಂಕು, ತಲೆನೋವು ಇದ್ದವರೇ ನುಂಗೋದು. ಮಗುವಿನಲ್ಲಿ ಕಂಡಿದ್ದು ಮಾತ್ರೆಯಿಂದಲೋ, ಆ ಕಾಯಿಲೆಯಿಂದಲೋ, ಮನೆತನದಲ್ಲೇ ಬಂದಿದ್ದೋ?

ಇದನ್ನು ಬಿಡಿಸಿದ್ದು 2024ರ ಸ್ವೀಡನ್ ಅಧ್ಯಯನ. ಸುಮಾರು 25 ಲಕ್ಷ ಮಕ್ಕಳು. ಎಲ್ಲರನ್ನೂ ಒಟ್ಟಿಗೆ ನೋಡಿದಾಗ ತಾಯಿ ಮಾತ್ರೆ ತಗೊಂಡ ಮಕ್ಕಳಲ್ಲಿ ಎಡಿಎಚ್‌ಡಿ ಶೇಕಡಾ 7ರಷ್ಟು ಜಾಸ್ತಿ ಕಂಡಿತು. ಒಂದೇ ತಾಯಿಯ ಮಕ್ಕಳನ್ನು, ಒಂದು ಬಸುರಿನಲ್ಲಿ ತಗೊಂಡು ಇನ್ನೊಂದರಲ್ಲಿ ತಗೊಳ್ಳದೆ ಇದ್ದವರನ್ನು, ಪಕ್ಕಪಕ್ಕ ಇಟ್ಟು ನೋಡಿದಾಗ ಆ ವ್ಯತ್ಯಾಸ ಹೋಗೇಬಿಟ್ಟಿತು.

ಬೆಳಗ್ಗೆ ಬಿಲ್ಲಿನಲ್ಲಿದ್ದ ನಂಬರಿಗೆ ಫೋನ್ ಮಾಡಿ ಇಷ್ಟನ್ನೂ ಹೇಳಿದೆ, ಇವತ್ತೇ ನಿಮ್ಮ ಡಾಕ್ಟರ್ ಹತ್ರ ಹೋಗಿ ಅಂದೆ. ಸಂಜೆ ಅವರ ಯಜಮಾನರು ಬಂದು ಅದೇ ಮಾತ್ರೆ ತಗೊಂಡು ಹೋದರು. ಈಗ ಯಾರಾದರೂ ಬಸುರಿ ಹೆಂಗಸರು ಸ್ಟ್ರಿಪ್ ವಾಪಸ್ ತಂದರೆ ದುಡ್ಡು ಆಮೇಲೆ. ಮೊದಲು ಸ್ಟೂಲ್ ಎಳೆದು ಕೂರಿಸಿ, ಜ್ವರ ಎಷ್ಟಿದೆ ಅಂತ ಕೇಳುತ್ತೇನೆ.