ಪ್ಲಗ್ ಕೀಳುವ ಮನೆಯಲ್ಲಿ ಸ್ಲೀಪ್ ಮೋಡ್

ಸಾಗರದ ನಮ್ಮ ಮನೆಯಲ್ಲಿ ಟಿವಿ ಸ್ಟ್ಯಾಂಡಿನ ಕೆಳಗೆ ಒಂದು ಕಂಪ್ಯೂಟರ್ ಇದೆ. ಹಳೇ ಡೆಸ್ಕ್‌ಟಾಪಿನ ಬೋರ್ಡು, ಸಣ್ಣದೊಂದು ಎಸ್‌ಎಸ್‌ಡಿ, ದೊಡ್ಡದೊಂದು ಹಾರ್ಡ್‌ಡಿಸ್ಕ್. ಎಚ್‌ಡಿಎಂಐ ಕೇಬಲ್ ಟಿವಿಗೆ, ಆಡಿಯೊ ಕೇಬಲ್ ಆಂಪ್ಲಿಫೈಯರ್‌ಗೆ. ಒಳಗೆ ವಿಂಡೋಸ್ 10, ಅದರ ಮೇಲೆ ವಿಡಿಯೊ ಓಡಿಸಲು ಕೋಡಿ ಅನ್ನೋ ತಂತ್ರಾಂಶ. ಅಪ್ಪ ವರ್ಷಗಟ್ಟಲೆ ಸೇರಿಸಿಟ್ಟ ಯಕ್ಷಗಾನ, ತಾಳಮದ್ದಳೆ, ಮನೆಯ ಮದುವೆ-ಉಪನಯನದ ವಿಡಿಯೊಗಳೆಲ್ಲ ಅದರಲ್ಲೇ. ಹೋಮ್ ಥಿಯೇಟರ್ ಪಿಸಿ ಅಂತ ಅದಕ್ಕೆ ದೊಡ್ಡ ಹೆಸರು. ಮನೆಯಲ್ಲಿ ಎಲ್ಲರೂ ಕರೆಯೋದು ಡಬ್ಬ ಅಂತ.

ಡಬ್ಬಕ್ಕೆ ಸ್ಲೀಪ್ ಮೋಡ್, ಅಂದ್ರೆ ಪೂರ್ತಿ ಆಫ್ ಆಗದೆ ಮಲಗಿರೋದು, ಬೇಕೇ ಬೇಕು. ಅಪ್ಪ ಒಂದು ಪ್ರಸಂಗವನ್ನು ನಾಲ್ಕು ದಿನ ನೋಡುವವರು. ರಿಮೋಟ್ ಒತ್ತಿದ ಕೂಡಲೇ ನಿನ್ನೆ ನಿಲ್ಲಿಸಿದ ಪದ್ಯದಿಂದಲೇ ಶುರುವಾಗಬೇಕು. ಸ್ಲೀಪ್‌ನಲ್ಲಿದ್ದಾಗ ಹೆಚ್ಚೆಂದರೆ ಎರಡು ವ್ಯಾಟ್ ತಿನ್ನುತ್ತದೆ ಅಂತಿಟ್ಟುಕೊಳ್ಳಿ. ತಿಂಗಳಿಗೆ ಒಂದೂವರೆ ಯೂನಿಟ್ಟೂ ಆಗೋದಿಲ್ಲ. ಬಿಲ್ಲಿನ ತಲೆಬಿಸಿ ಇಲ್ಲ.

ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಅಮ್ಮನ ಫೋನು ಶುರುವಾಯಿತು. "ನಿನ್ನ ಡಬ್ಬ ರಾತ್ರಿ ತಾನೇ ಎದ್ದು ಕೂರ್ತದೆ ಮಾರಾಯ. ನೀಲಿ ದೀಪ ಅಪ್ಪನ ಮುಖಕ್ಕೇ ಹೊಡೀತದೆ." ಮಂಡಿ ನೋವಿನಿಂದ ಅಪ್ಪ ಮಲಗುವುದು ಹಾಲ್‌ನಲ್ಲೇ. ಇನ್ನೂ ಎರಡು ದೂರು ಇತ್ತು. ಕೆಲವು ದಿನ ಡಬ್ಬ ಮಲಗುವುದೇ ಇಲ್ಲ. ಕೆಲವು ದಿನ ಮಲಗಿದ್ದು ಎದ್ದಾಗ ಎಲ್ಲ ಮರೆತು ಮೊದಲಿಂದ ಶುರು ಮಾಡುತ್ತದೆ. "ಅದಕ್ಕೂ ವಯಸ್ಸಾಯ್ತು, ಬೇರೆ ತಗೊ" ಅಂತ ಅಪ್ಪನ ತೀರ್ಪು.

ಊರಿಗೆ ಹೋದವನು ಮೊದಲು ಹಿಡಿದದ್ದು ರಾತ್ರಿ ಏಳುವ ಕಥೆ. ಸ್ಲೀಪ್ ತೊಂದರೆ ಅಂದ್ರೆ ಜನ ಸುಮ್ನೆ ಸೆಟ್ಟಿಂಗ್ಸ್ ತೆಗೆದು ಕಂಡದ್ದನ್ನೆಲ್ಲ ಬದಲಿಸುತ್ತಾರೆ. ಅದು ಬೇಕಿಲ್ಲ. ಯಾರು ಎಬ್ಬಿಸಿದರು ಅಂತ ಯಂತ್ರವನ್ನೇ ಕೇಳಬಹುದು. ಪವರ್‌ಸಿಎಫ್‌ಜಿ ಅನ್ನೋ ಕಮಾಂಡ್ ವಿಂಡೋಸ್‌ನಲ್ಲೇ ಇದೆ. ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆಗೆದು, ಅದರ ಮುಂದೆ ಲಾಸ್ಟ್‌ವೇಕ್ ಅಂತ ಹಾಕಿದರೆ ಕೊನೇ ಸಲ ಎಬ್ಬಿಸಿದ್ದು ಯಾವುದು ಅಂತ ಹೇಳುತ್ತದೆ. ವೇಕ್‌ಟೈಮರ್ಸ್ ಅಂತ ಹಾಕಿದರೆ ಮುಂದೆ ಎಬ್ಬಿಸಲು ಯಾರು ಅಲಾರಂ ಇಟ್ಟಿದ್ದಾರೆ ಅನ್ನೋದು ಗೊತ್ತಾಗುತ್ತದೆ. ನಮ್ಮಲ್ಲಿ ಅಲಾರಂ ಇಟ್ಟಿದ್ದು ವಿಂಡೋಸೇ. ಅದರ ಆಟೊಮ್ಯಾಟಿಕ್ ಮೇಂಟೆನೆನ್ಸ್ ಕೆಲಸಕ್ಕೆ ಹಾಕಿಟ್ಟಿರುವ ಸಮಯ ಬೆಳಗಿನ ಜಾವ 2 ಗಂಟೆ. ಬೇಕಾದರೆ ಮಲಗಿದ ಕಂಪ್ಯೂಟರನ್ನೂ ಎಬ್ಬಿಸುವ ಅನುಮತಿ ಅದಕ್ಕಿರುತ್ತದೆ. ಆ ಟಿಕ್ ತೆಗೆದೆ. ಪವರ್ ಆಪ್ಷನ್ಸ್‌ನಲ್ಲಿ ವೇಕ್ ಟೈಮರ್‌ಗಳನ್ನೂ ಆಫ್ ಮಾಡಿದೆ. ಆಪ್ಟಿಕಲ್ ಮೌಸ್ ಕೂಡ ಎಬ್ಬಿಸಬಲ್ಲ ಸಾಧನಗಳ ಪಟ್ಟಿಯಲ್ಲಿತ್ತು. ಬೆಕ್ಕು ಆ ಸ್ಟ್ಯಾಂಡ್ ಮೇಲೇ ಹಾದುಹೋಗೋದು. ಮೌಸಿನ ಆ ಅಧಿಕಾರವನ್ನೂ ಕಿತ್ತುಕೊಂಡು ರಿಮೋಟಿನ ರಿಸೀವರ್‌ಗೆ ಮಾತ್ರ ಉಳಿಸಿದೆ.

ಮಲಗದೇ ಇರುವುದಕ್ಕೆ ಉತ್ತರ ಇನ್ನೂ ಬೇಗ ಸಿಕ್ಕಿತು. ಅದೇ ಕಮಾಂಡಿನ ಮುಂದೆ ರಿಕ್ವೆಸ್ಟ್ಸ್ ಅಂತ ಹಾಕಿದರೆ ಯಾರು ತಡೆದಿದ್ದಾರೆ ಅಂತ ಬರುತ್ತದೆ. ಆಡಿಯೊ ಬಳಕೆಯಲ್ಲಿದೆ ಅಂತ ಬಂತು. ಟಿವಿಯಲ್ಲಿ ಏನೂ ಓಡುತ್ತಿರಲಿಲ್ಲ! ಕೋಡಿಯಲ್ಲಿ ಏನೂ ಓಡದಿದ್ದಾಗಲೂ ಆಡಿಯೊ ಸಾಧನವನ್ನು ಜೀವಂತ ಇಡುವ ಒಂದು ಸೆಟ್ಟಿಂಗ್ ಇದೆ. ಶುರುವಿನ ಚಂಡೆ ಪೆಟ್ಟು ನುಂಗಿಹೋಗುತ್ತದೆ ಅಂತ ಅಪ್ಪ ಹೇಳಿದ್ದಕ್ಕೆ, ತಮ್ಮ ಅದನ್ನು ಯಾವಾಗಲೂ ಅಂತ ಇಟ್ಟಿದ್ದ. ಅದನ್ನು ಕೆಲವೇ ನಿಮಿಷಕ್ಕೆ ಇಳಿಸಿದ ಮೇಲೆ ಸರಿಹೋಯಿತು.

ಇಷ್ಟಾದ ಮೇಲೂ ಡಬ್ಬ ರಾತ್ರಿ ಎದ್ದಿತು. ಈ ಸಲ ಮೂರೂವರೆಗೆ.

ಲಾಸ್ಟ್‌ವೇಕ್ ಕೇಳಿದರೆ ಏನೂ ಹೇಳಲಿಲ್ಲ, ಖಾಲಿ. ಆಗ ಯಂತ್ರದ ಆಗುಹೋಗುಗಳ ದಾಖಲೆ ತೋರಿಸುವ ಈವೆಂಟ್ ವ್ಯೂವರ್ ತೆಗೆದೆ. ನಿದ್ದೆಯಿಂದ ಎದ್ದಿದ್ದರೆ ಅಲ್ಲಿ ಪವರ್-ಟ್ರಬಲ್‌ಶೂಟರ್ ಹೆಸರಲ್ಲಿ 1ನೇ ನಂಬರಿನ ಒಂದು ದಾಖಲೆ ಬೀಳುತ್ತದೆ. ಇಲ್ಲಿ ಇದ್ದದ್ದು ಕರ್ನಲ್-ಪವರ್ 41. ಸರಿಯಾಗಿ ಆಫ್ ಆಗದೆ ಯಂತ್ರ ಮತ್ತೆ ಶುರುವಾಗಿದೆ ಅಂತ ಅದರರ್ಥ. ಅಂದ್ರೆ ಡಬ್ಬ ನಿದ್ದೆಯಿಂದ ಎದ್ದದ್ದೇ ಅಲ್ಲ. ಮಲಗಿದ್ದಾಗ ಕರೆಂಟ್ ಹೋಗಿದೆ, ಬಂದ ಕೂಡಲೇ ಹೊಸದಾಗಿ ಆನ್ ಆಗಿದೆ. ಅಪ್ಪನಿಗೆ ಎರಡೂ ಒಂದೇ, ಮುಖಕ್ಕೆ ನೀಲಿ ದೀಪ. ಆದರೆ ಎರಡರ ಮದ್ದು ಬೇರೆ ಬೇರೆ.

ಸ್ಲೀಪ್‌ನಲ್ಲಿ ಪ್ರೊಸೆಸರ್, ಡಿಸ್ಕ್, ಫ್ಯಾನ್ ಎಲ್ಲ ನಿಲ್ಲುತ್ತವೆ. ಸದ್ಯದ ಕೆಲಸವನ್ನೆಲ್ಲ ನೆನಪಿಟ್ಟುಕೊಳ್ಳುವ ರ‍್ಯಾಮ್ ಮಾತ್ರ ಎಚ್ಚರ. ಬೋರ್ಡಿಗೆ ಕರೆಂಟ್ ಕೊಡುವ ಎಸ್‌ಎಂಪಿಎಸ್‌ನ 5 ವೋಲ್ಟ್ ಸ್ಟ್ಯಾಂಡ್‌ಬೈ ಲೈನಿನಿಂದ ಅದು ಉಸಿರಾಡುತ್ತಿರುತ್ತದೆ. ಅದು ನಿಂತರೆ ನೆನಪೆಲ್ಲ ಹೋಯಿತು. ನಮ್ಮ ಮನೆಯ ಇನ್ವರ್ಟರ್‌ಗೆ ದೀಪ, ಫ್ಯಾನ್ ಬಿಟ್ಟರೆ ಬೇರೆ ಲೈನ್ ಇಲ್ಲ. ಟಿವಿ ಬೋರ್ಡು ಅದರಿಂದ ಹೊರಗೆ. ಮಲೆನಾಡಿನ ಮಳೆಗಾಲದಲ್ಲಿ ಕರೆಂಟ್ ಹೋಗುವುದು ಸುದ್ದಿಯೇ ಅಲ್ಲ. ಅದಕ್ಕಿಂತ ಮುಖ್ಯವಾದದ್ದು ಅಮ್ಮ. ದೂರದಲ್ಲಿ ಗುಡುಗಿದ ಸದ್ದು ಕೇಳಿದರೆ ಸಾಕು, ಟಿವಿ, ಡಬ್ಬ, ರೂಟರ್, ಎಲ್ಲದರ ಪ್ಲಗ್ ಕಿತ್ತು ಬದಿಗಿಡುತ್ತಾರೆ. "ಸ್ವಿಚ್ ಆಫ್ ಮಾಡಿದ್ರೆ ಸಾಕಲ್ವಾ?" ಅಂತ ಅಪ್ಪ ಕೇಳಿದರೆ "ಸಿಡಿಲಿಗೆ ಸ್ವಿಚ್ ಯಾವ ಲೆಕ್ಕ?" ಅನ್ನುತ್ತಾರೆ. ಅಮ್ಮ ಹೇಳುವುದೇ ಸರಿ. ಅಷ್ಟು ದೂರ ಗಾಳಿಯಲ್ಲಿ ಹಾರಿ ಬಂದ ಸಿಡಿಲಿಗೆ ಸ್ವಿಚ್ಚಿನೊಳಗಿನ ಕೆಲವು ಮಿಲಿಮೀಟರ್ ಸಂದು ಅಡ್ಡಿಯಲ್ಲ. ಹಾಗಾಗಿ ಬದಲಾಗಬೇಕಾದದ್ದು ಅಮ್ಮನ ಅಭ್ಯಾಸವಲ್ಲ, ಡಬ್ಬದ ನಿದ್ದೆ.

ಅದಕ್ಕೆ ಹೈಬ್ರಿಡ್ ಸ್ಲೀಪ್ ಇದೆ. ಮಲಗುವ ಮುಂಚೆ ರ‍್ಯಾಮ್‌ನಲ್ಲಿದ್ದುದನ್ನು ಡಿಸ್ಕಿಗೂ ಒಂದು ಪ್ರತಿ ಬರೆದಿಡುತ್ತದೆ, ಆಮೇಲೆ ಮಾಮೂಲಿ ಹಾಗೆ ಮಲಗುತ್ತದೆ. ಕರೆಂಟ್ ಇದ್ದರೆ ಬೇಗ ಏಳುತ್ತದೆ. ಪ್ಲಗ್ ಕಿತ್ತಿದ್ದರೆ ಡಿಸ್ಕಿನಿಂದ ಓದಿಕೊಂಡು, ತುಸು ನಿಧಾನವಾಗಿ, ಬಿಟ್ಟ ಜಾಗಕ್ಕೇ ಬರುತ್ತದೆ. ಡೆಸ್ಕ್‌ಟಾಪ್‌ಗಳಿಗೆಂದೇ ಮಾಡಿದ್ದು ಇದು. ಆದರೆ ನಮ್ಮ ಪವರ್ ಆಪ್ಷನ್ಸ್‌ನಲ್ಲಿ ಅದರ ಸಾಲೇ ಕಾಣಲಿಲ್ಲ. ಎಸ್‌ಎಸ್‌ಡಿ 120 ಜಿಬಿಯದು. ವಿಂಡೋಸ್ ಹಾಕಿಕೊಟ್ಟವರು ಜಾಗ ಉಳಿಸಲು ಹೈಬರ್ನೇಟನ್ನೇ, ಅಂದ್ರೆ ನೆನಪನ್ನೆಲ್ಲ ಡಿಸ್ಕಿಗೆ ಬರೆದಿಟ್ಟು ಪೂರ್ತಿ ಆಫ್ ಆಗುವ ಸೌಲಭ್ಯವನ್ನೇ, ಆಫ್ ಮಾಡಿದ್ದರು. ಅದಿಲ್ಲದಿದ್ದರೆ ಹೈಬ್ರಿಡ್ಡೂ ಇಲ್ಲ. ಆನ್ ಮಾಡಿದೆ. 8 ಜಿಬಿ ರ‍್ಯಾಮ್‌ಗೆ ಮೂರು ಚಿಲ್ಲರೆ ಜಿಬಿಯ ಫೈಲ್ ಬಂದು ಕೂತಿತು. ಕೂತಿರಲಿ.

ಇನ್ನು ಕರೆಂಟ್ ಬಂದಾಗ ತಾನೇ ಆನ್ ಆಗುವ ಚಾಳಿ. ಅದು ವಿಂಡೋಸ್‌ನದಲ್ಲ, ವಿಂಡೋಸ್‌ಗೂ ಮುಂಚೆ ಓಡುವ, ಬೋರ್ಡಿನಲ್ಲೇ ಇರುವ ತಂತ್ರಾಂಶ ಬಯೋಸ್‌ನದು. ಕರೆಂಟ್ ಹೋಗಿ ಬಂದರೆ ಏನು ಮಾಡಬೇಕು ಅಂತ ಅಲ್ಲಿ ಒಂದು ಸಾಲು ಇರುತ್ತದೆ: ಆನ್ ಆಗು, ಆಫ್ ಆಗಿಯೇ ಇರು, ಇಲ್ಲವೇ ಮುಂಚೆ ಹೇಗಿದ್ದೆಯೋ ಹಾಗಿರು. ನಮ್ಮದು ಮೂರನೆಯದರಲ್ಲಿತ್ತು. ಮಲಗಿದ್ದನ್ನೂ ನಮ್ಮ ಬೋರ್ಡು ಆನ್ ಅಂತಲೇ ಲೆಕ್ಕ ಹಿಡಿಯುತ್ತದೆ. ಆಫ್ ಆಗಿಯೇ ಇರು ಅಂತ ಮಾಡಿ ಸೇವ್ ಮಾಡಿದೆ.

ಮಾರನೇ ರಾತ್ರಿ ಜೋರು ಗುಡುಗು. ಅಮ್ಮ ಪ್ಲಗ್ ಕಿತ್ತರು. ಬೆಳಿಗ್ಗೆ ಹಾಕಿದ ಕೂಡಲೇ ಡಬ್ಬ ಗುಂಯ್ ಅಂತ ಎದ್ದಿತು.

ಬಯೋಸ್‌ಗೆ ಹೋಗಿ ನೋಡಿದರೆ ಆ ಸಾಲು ಮತ್ತೆ ಹಳೇದಕ್ಕೇ ಮರಳಿತ್ತು. ಅಲ್ಲೇ ಮೇಲೆ ತಾರೀಖು ಕಣ್ಣಿಗೆ ಬಿತ್ತು. ಎಷ್ಟೋ ವರ್ಷ ಹಿಂದಿನದು. ಕೆಲವೊಮ್ಮೆ ಬ್ರೌಸರ್ ತೆರೆದರೆ ಎಲ್ಲ ಸೈಟುಗಳೂ ಅಪಾಯ ಅಂತ ಎಚ್ಚರಿಕೆ ಬರುತ್ತದೆ ಎಂದು ತಮ್ಮ ಹೇಳಿದ್ದು ಆಗ ನೆನಪಾಯಿತು. ತಾರೀಖು ತಪ್ಪಿದ್ದರೆ ಸೈಟಿನ ಸರ್ಟಿಫಿಕೇಟ್ ಇನ್ನೂ ಹುಟ್ಟೇ ಇಲ್ಲ ಅಂತ ಬ್ರೌಸರ್ ತಿಳಿಯುತ್ತದೆ. ಆಮೇಲೆ ಇಂಟರ್‌ನೆಟ್‌ನಿಂದ ಸಮಯ ಸರಿಯಾಗಿ, ಎಲ್ಲರೂ ಮರೆತುಬಿಡುತ್ತಿದ್ದರು.

ಬೋರ್ಡಿನ ಮೇಲೆ ದೊಡ್ಡ ನಾಣ್ಯದಂಥ ಸೆಲ್ ಒಂದಿರುತ್ತದೆ, ಸಿಆರ್2032. ಪ್ಲಗ್ ಇರುವವರೆಗೆ ಗಡಿಯಾರ, ಸೆಟ್ಟಿಂಗುಗಳಿಗೆ ಸ್ಟ್ಯಾಂಡ್‌ಬೈ ಕರೆಂಟೇ ಸಾಕು. ಪ್ಲಗ್ ಕಿತ್ತರೆ ಮಾತ್ರ ಸೆಲ್ಲಿನ ಸರದಿ. ಬೇಸಿಗೆಯಿಡೀ ಯಾರಿಗೂ ಗೊತ್ತಾಗದೆ ಮಳೆಗಾಲದಲ್ಲೇ ಇದು ಬಯಲಾದದ್ದು ಅದಕ್ಕೇ. ಮಲ್ಟಿಮೀಟರ್ ಹಿಡಿದರೆ 3 ವೋಲ್ಟ್ ಇರಬೇಕಾದಲ್ಲಿ ಎರಡೂಕಾಲೂ ಇರಲಿಲ್ಲ. ಪೇಟೆಯ ವಾಚ್ ಅಂಗಡಿಯಲ್ಲಿ ಹೊಸದು ತಂದೆ. ಪ್ಲಗ್ ಕಿತ್ತು, ಹಳೇದನ್ನು ಉಗುರಲ್ಲಿ ಎಬ್ಬಿಸಿ ತೆಗೆದು, ಹೊಸದರ ಪ್ಲಸ್ ಗುರುತು ಮೇಲೆ ಬರುವಂತೆ ಕೂರಿಸಿ, ಬಯೋಸ್‌ನಲ್ಲಿ ತಾರೀಖನ್ನೂ ಆ ಸಾಲನ್ನೂ ಮತ್ತೆ ಬರೆದೆ.

ಆ ಸಂಜೆ ಅಮ್ಮನಿಗೇ ಪ್ಲಗ್ ಕೀಳಲು ಹೇಳಿದೆ. ಗುಡುಗಿಲ್ಲದೆ ಯಾಕೆ ಕೀಳಬೇಕು ಅಂತ ಅವರಿಗೆ ಅನುಮಾನ. ಊಟ ಮುಗಿಸಿ ಬಂದು ಹಾಕಿದೆವು. ಡಬ್ಬ ಮಿಸುಕಲಿಲ್ಲ. ಡಬ್ಬದ ಮುಂಭಾಗದ ಬಟನ್ ಒತ್ತಿದಾಗ ಎದ್ದು, ಅಪ್ಪ ನಿಲ್ಲಿಸಿದ ಪದ್ಯಕ್ಕೇ ಬಂತು.

ಒಂದು ಕೊರತೆ ಉಳಿದಿದೆ. ಪ್ಲಗ್ ಕಿತ್ತು ಮತ್ತೆ ಹಾಕಿದ ಮೇಲೆ ಮೊದಲ ಸಲ ರಿಮೋಟ್‌ನಿಂದ ಆನ್ ಆಗೋದಿಲ್ಲ, ಬಗ್ಗಿ ಬಟನ್ನೇ ಒತ್ತಬೇಕು. ಮಂಡಿ ನೋವಿನ ಅಪ್ಪನಿಗೆ ಇದು ಒಪ್ಪಿಗೆಯಿಲ್ಲ. "ಕಿತ್ತವರೇ ಒತ್ತಲಿ" ಅಂದಿದ್ದಾರೆ.