ಪಾಗಾರದ ಸಂದಿನ ಹಳದಿ ಗಂಟಲು

ಕಳೆದ ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲೇ ತೋಟದ ಅಂಚಿನ ಚಿರೆಕಲ್ಲಿನ ಪಾಗಾರವನ್ನು ಸರಿಮಾಡಿಬಿಡೋಣವೆಂದು ಅಪ್ಪಚ್ಚಿ ಕರೆದಿದ್ದರಿಂದ, ಶಿರಸಿ ಸಮೀಪದ ನಮ್ಮ ಊರಿಗೆ ಹೋಗಿದ್ದೆ. ಹಳ್ಳದ ಕಡೆಗೆ ಜರಿದಿದ್ದ ಕಲ್ಲುಗಳನ್ನು ಒಂದೊಂದಾಗಿ ಇಳಿಸುತ್ತಿದ್ದಾಗ, ಪಾಚಿಗಟ್ಟಿದ ಒಂದು ಕಲ್ಲಿನ ಮೇಲೆ ತಲೆ ಕೆಳಗೆ ಮಾಡಿ ಕುಳಿತ ಪುಟ್ಟ ಹಲ್ಲಿಯೊಂದು ಕಂಡಿತು. ಬಾಲ ಬಿಟ್ಟರೆ ಅದು ನನ್ನ ಹೆಬ್ಬೆರಳಿನಷ್ಟೂ ಉದ್ದವಿರಲಿಲ್ಲ. ಮೈಯೆಲ್ಲ ಕಲ್ಲಿನದೇ ಕಂದು. ಕತ್ತೆತ್ತಿದಾಗ ಕಂಡ ಗಂಟಲು ಮಾತ್ರ ಅರಿಸಿನ ಕಲಸಿ ಬಳಿದಂತಹ ಹಳದಿ.

“ಇದು ಮನೆ ಹಲ್ಲಿ ಅಲ್ದೋ ತಮಾ, ಹಗಲಿಗೇ ತಿರಗ್ತು” ಎಂದರು ಅಪ್ಪಚ್ಚಿ.

ಅವರು ಹೇಳಿದ್ದು ಸರಿ. ನೆಮಾಸ್ಪಿಸ್ ಎಂಬ ಕುಲದ ಈ ಹಗಲು ಹಲ್ಲಿಗಳು ಪಶ್ಚಿಮ ಘಟ್ಟದ ಬಂಡೆ, ಮರ, ತರಗೆಲೆಗಳ ನಡುವೆ ಬಾಳುವಂಥವು. ನಮ್ಮದೇ ಜಿಲ್ಲೆಯ ಗುಂದದಲ್ಲಿ ಸಿಕ್ಕ ಎರಡು ಪ್ರಭೇದಗಳಿಗೆ ಆರನ್ ಬಾವರ್ ಎಂಬ ವಿಜ್ಞಾನಿ 2002ರಲ್ಲಿ ಹೆಸರಿಟ್ಟರು. ಮನೆ ಹಲ್ಲಿಯ ಪಾಪೆ ಬೆಳಕಿನಲ್ಲಿ ಸೀಳುಗೆರೆಯಾದರೆ ಇವುಗಳದು ಕಾಳುಮೆಣಸಿನಂತೆ ದುಂಡಗಿರುತ್ತದೆ. ಬೆರಳಡಿಯಲ್ಲಿ ಅಗಲವಾದ ಮೆತ್ತೆಯಿಲ್ಲ. ಸಣಕಲು ಬೆರಳುಗಳು ಹಕ್ಕಿಯ ಕಾಲಿನಂತೆ ಬಾಗಿ ಉಗುರಿನಿಂದಲೇ ಒರಟು ಕಲ್ಲನ್ನು ಹಿಡಿಯುತ್ತವೆ. ಬಣ್ಣವೇನಿದ್ದರೂ ಹೆಚ್ಚಾಗಿ ಗಂಡಿನದು. ಇರುಳಿನ ಹಲ್ಲಿ ಲೊಚಗುಟ್ಟಿ ಹೇಳುವುದನ್ನು ಇದು ಗಂಟಲು ತೋರಿಸಿ ಹೇಳುತ್ತದೆಯೆಂದು ನನಗನಿಸುತ್ತದೆ. ಪಂಚಾಂಗದಲ್ಲಿ ಹಲ್ಲಿ ಬಿದ್ದ ಫಲವನ್ನು ಅಂಗಾಂಗಕ್ಕೆ ತಕ್ಕಂತೆ ಬರೆದವರು ಈ ಜಾತಿಯನ್ನು ಲೆಕ್ಕಕ್ಕೆ ಹಿಡಿದಂತಿಲ್ಲ. ಮಾಡು ಹತ್ತದ ಇದು ಯಾರ ತಲೆಯ ಮೇಲೆ ಬೀಳಬೇಕು!

ಮುಂದಿನ ಕಲ್ಲನ್ನು ಮಗುಚಿದಾಗ ಅದರ ಒಳಮೈಯಲ್ಲಿ ಜೋಡಿ ಜೋಡಿಯಾಗಿ ಬಿಳಿ ಮೊಟ್ಟೆಗಳಿದ್ದವು. ಪಕ್ಕದಲ್ಲೇ ಹಳೆಯ ಚಿಪ್ಪುಗಳ ಸುಣ್ಣದಂಥ ಬಳೆಗಳು ಉಳಿದಿದ್ದವು. ಹಲವು ಹೆಣ್ಣುಗಳು ಒಂದೇ ಸಂದನ್ನು ಮತ್ತೆ ಮತ್ತೆ ಆರಿಸಿಕೊಂಡಿದ್ದಿರಬೇಕು. ಮನೆಯಲ್ಲಿ ದೇವರ ಪಟದ ಹಿಂದೆ ಸಿಗುವ ಹಲ್ಲಿ ಮೊಟ್ಟೆ ಮುಟ್ಟಿದರೆ ಉರುಳುತ್ತದೆ. ಇವೂ ಹಾಗೆಯೇ ಎಂದು ಭಾವಿಸಿ, ಸುರಕ್ಷಿತವಾದ ಬೇರೆ ಸಂದಿಗೆ ಸಾಗಿಸುವ ಉಪಕಾರಬುದ್ಧಿಯಿಂದ, ಚಾಕುವಿನ ತುದಿಯಿಂದ ಒಂದನ್ನು ಮೀಟಿದೆ. ಅದು ಏಳಲಿಲ್ಲ, ಒಡೆಯಿತು. ಇಡುವಾಗ ಮೆತ್ತಗೆ ಅಂಟಾಗಿರುವ ಚಿಪ್ಪು ಗಾಳಿಗೆ ಗಟ್ಟಿಯಾಗುತ್ತ ಕಲ್ಲಿಗೇ ಬೆಸೆದುಕೊಳ್ಳುತ್ತದೆ ಎಂಬುದನ್ನು ನಾನು ಓದಿದ್ದು ಆಮೇಲೆ. ಒಡೆದ ಚಿಪ್ಪಿನೊಳಗೆ ಸುರುಳಿಸುತ್ತಿಕೊಂಡಿದ್ದ ಮರಿಗೆ ಆಗಲೇ ಕಪ್ಪು ಕಣ್ಣುಗಳು ಮೂಡಿದ್ದವು, ಮೈಗೆ ಬಣ್ಣವಿನ್ನೂ ಬಂದಿರಲಿಲ್ಲ.

ಅಪ್ಪಚ್ಚಿ ನನಗೇನೂ ಅನ್ನಲಿಲ್ಲ. ಕಲ್ಲನ್ನು ಎತ್ತಿ, ಮೊಟ್ಟೆಯ ಮಗ್ಗುಲು ಒಳಗಾಗುವಂತೆ ಹಿಂದಿನ ಜಾಗದಲ್ಲೇ ಕೂರಿಸಿದರು. ಅದರ ಆಚೀಚಿನ ಮೂರು ಮೊಳದಷ್ಟನ್ನು ಮುಟ್ಟದೆ ಬಿಟ್ಟು ಉಳಿದದ್ದನ್ನು ಕಟ್ಟಿದೆವು. ಪಾಗಾರ ಅಲ್ಲಿ ಈಗಲೂ ಹಳ್ಳದ ಕಡೆಗೆ ವಾಲಿಕೊಂಡೇ ಇದೆ.